ಪದವಿಯ ನಂತರದ ಆ ಒಂದು ವರ್ಷ

(ನರ್ಸಿಂಗ್ ವಿದ್ಯಾರ್ಥಿನಿಯರ ಹೆತ್ತವರ ಸಭೆಯಲ್ಲಿ ನರ್ಸಿಂಗ್ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)





ನಮ್ಮ ಸಭೆಗಳಲ್ಲಿ ನರ್ಸಿಂಗ್ ಕುರಿತ ಮಾತು ಸಾಮಾನ್ಯವಾಗಿ ರುಫೈದಾ(ರ)ರಿಂದ ಆರಂಭವಾಗುತ್ತದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿದ್ದ ಆ ಮಹಿಳೆಯ ಗುಡಾರದಲ್ಲಿ ಇರಿಸಿ ಶುಶ್ರೂಷೆ ನೀಡಿದ ಘಟನೆಯನ್ನು ನೀವೆಲ್ಲರೂ ಅನೇಕ ಸಲ ಕೇಳಿದ್ದೀರಿ. ಆ ಉಲ್ಲೇಖದಿಂದ ಒಂದು ಪ್ರಯೋಜನವಂತೂ ಆಗಿದೆ. ಈ ವೃತ್ತಿ ನಮ್ಮ ಹೆಣ್ಣು ಮಕ್ಕಳಿಗೆ ಸಲ್ಲುವುದೇ ಎಂಬ ಪ್ರಶ್ನೆಯ ಧ್ವನಿ ತಗ್ಗಿದೆ. ಇಂದು ಇಲ್ಲಿ ಕುಳಿತಿರುವ ನೀವು ಆ ಪ್ರಶ್ನೆಯನ್ನು ದಾಟಿ ಬಂದವರು. ಮಗಳನ್ನು ಕಾಲೇಜಿಗೆ ಸೇರಿಸಿದ್ದೀರಿ, ಶುಲ್ಕ ಕಟ್ಟಿದ್ದೀರಿ. ಆದ್ದರಿಂದ ರುಫೈದಾ(ರ)ರ ವಿಷಯವನ್ನು ಇಲ್ಲಿಗೇ ನಿಲ್ಲಿಸಿ, ಭಾಷಣಗಳಲ್ಲಿ ಯಾರೂ ಹೇಳದ ಒಂದು ಲೆಕ್ಕವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಹುಡುಗಿ ಎಂ.ಎಸ್ಸಿ. ನರ್ಸಿಂಗ್ ಸೇರಬೇಕಾದರೆ ಏನೇನು ಬೇಕು? ಹೆತ್ತವರಲ್ಲಿ ಕೇಳಿದರೆ ಸಿಗುವ ಉತ್ತರ ಎರಡೇ: ಮಾರ್ಕು ಬೇಕು, ಹಣ ಬೇಕು. ಎರಡೂ ಸುಳ್ಳಲ್ಲ. ಆದರೆ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಈ ಎರಡರಲ್ಲಿ ಅಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನಿಯಮದ ಪ್ರಕಾರ ಅಭ್ಯರ್ಥಿಯು ಮಾನ್ಯತೆ ಪಡೆದ ಸಂಸ್ಥೆಯಿಂದ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು ಒಟ್ಟು ಶೇ. 55 ಅಂಕಗಳೊಂದಿಗೆ ಪಡೆದಿರಬೇಕು. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಸೂಲಗಿತ್ತಿ ಎಂದು ನೋಂದಣಿಯಾಗಿರಬೇಕು. ದೇಹಾರೋಗ್ಯ ಚೆನ್ನಾಗಿರಬೇಕು. ಜೊತೆಗೆ ಪದವಿಯ ನಂತರ ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಅನುಭವ ಇರಬೇಕು. ಇವೆಲ್ಲ ಇದ್ದ ಮೇಲೆಯೇ ಪ್ರವೇಶ ಪರೀಕ್ಷೆ, ರ‍್ಯಾಂಕು, ಸೀಟು, ಶುಲ್ಕ ಎಂಬ ಮಾತು.

ಆ ಒಂದು ವರ್ಷದ ಕುರಿತೇ ಇಂದು ನನ್ನ ಮುಖ್ಯ ಮಾತು. ಏಕೆಂದರೆ ನಮ್ಮ ಕುಟುಂಬಗಳಲ್ಲಿ ಆ ವರ್ಷವು ಹುಡುಗಿಯ ಕೈಯಲ್ಲಿ ಇರುವುದೇ ಇಲ್ಲ. ಅಂತಿಮ ಪರೀಕ್ಷೆ ಮುಗಿಯುವ ಮೊದಲೇ ವರಾನ್ವೇಷಣೆ ಆರಂಭವಾಗಿರುತ್ತದೆ. ಫಲಿತಾಂಶ ಬರುವಷ್ಟರಲ್ಲಿ ನಿಶ್ಚಿತಾರ್ಥವಾಗಿರುತ್ತದೆ. "ಕಲಿಸಿದ್ದೇವಲ್ಲ, ಇನ್ನು ಕೆಲಸಕ್ಕೆ ಕಳಿಸುವ ಅಗತ್ಯ ನಮಗೇನಿದೆ?" ಎಂದು ತಂದೆ ಅಭಿಮಾನದಿಂದಲೇ ಹೇಳುತ್ತಾರೆ. ಆ ಅಭಿಮಾನವನ್ನು ನಾನು ಹೀಗಳೆಯುವುದಿಲ್ಲ. ಆದರೆ ಮೂರು ವರ್ಷಗಳ ಬಳಿಕ ಅದೇ ತಂದೆ ಮಗಳೊಂದಿಗೆ ಕಾಲೇಜಿಗೆ ಬಂದು, ಮೊಮ್ಮಗುವನ್ನು ಎತ್ತಿಕೊಂಡು, "ಅಳಿಯನೂ ಒಪ್ಪಿದ್ದಾನೆ, ಇವಳಿಗೆ ಎಂ.ಎಸ್ಸಿ. ಮಾಡಿಸಬೇಕು ಮೇಡಂ" ಎಂದಾಗ, ಅಂಕಪಟ್ಟಿಯಲ್ಲಿ ಶೇ. 70 ಇದ್ದರೂ ಅರ್ಜಿ ಹಾಕಲಾಗದು ಎಂದು ಹೇಳಬೇಕಾಗಿ ಬರುತ್ತದೆ. ಹುಡುಗಿ ಒಂದು ದಿನವೂ ವಾರ್ಡಿನಲ್ಲಿ ಕೆಲಸ ಮಾಡಿಲ್ಲ. ಕೆಲವೊಮ್ಮೆ ನೋಂದಣಿಯೂ ಆಗಿರುವುದಿಲ್ಲ. ಪದವಿ ಪ್ರಮಾಣ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ, ಅಷ್ಟೇ. ಇಂತಹ ತಂದೆಯರನ್ನು ನಾನು ಒಬ್ಬಿಬ್ಬರನ್ನಲ್ಲ ಕಂಡದ್ದು.

ನೋಂದಣಿಯಿಲ್ಲದ ಪದವೀಧರೆಯು ಕಾನೂನಿನ ಕಣ್ಣಿನಲ್ಲಿ ನರ್ಸ್ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ವಿಶ್ವವಿದ್ಯಾನಿಲಯವು ಪದವಿ ನೀಡುತ್ತದೆ, ಕೆಲಸ ಮಾಡುವ ಅಧಿಕಾರವನ್ನು ನೀಡುವುದು ಪರಿಷತ್ತು. ನಮ್ಮ ರಾಜ್ಯದಲ್ಲಿ ಕಲಿತವರು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಬೇಕು. ಮದುವೆಯಾಗಿ ಕಾಸರಗೋಡಿಗೋ ಕಣ್ಣೂರಿಗೋ ಹೋದ ಹುಡುಗಿ ಅಲ್ಲಿ ಕೆಲಸ ಮಾಡಬೇಕಾದರೆ ಇಲ್ಲಿನ ನೋಂದಣಿಯನ್ನು ಆಧಾರವಾಗಿಟ್ಟು ಕೇರಳದ ಪರಿಷತ್ತಿನಲ್ಲಿ ಮತ್ತೆ ಹೆಸರು ದಾಖಲಿಸಬೇಕಾಗುತ್ತದೆ. ನೋಂದಣಿಗೆ ಮೊದಲು ಮಾಡಿದ ಕೆಲಸವನ್ನು ಅನುಭವವೆಂದು ತೋರಿಸಹೊರಟರೆ ಪ್ರಶ್ನೆಗಳು ಏಳುತ್ತವೆ. ಆದುದರಿಂದ ಫಲಿತಾಂಶ ಬಂದ ತಿಂಗಳಲ್ಲೇ ಮಾಡಬೇಕಾದ ಮೊದಲ ಕೆಲಸ ನೋಂದಣಿ. ಉಳಿದ ಸಂಭ್ರಮ ಆಮೇಲೆ.

ಇನ್ನು ಶೇ. 55ರ ವಿಷಯ. ಬಿ.ಎಸ್ಸಿ. ನರ್ಸಿಂಗ್ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಸಾಕು, ಇಂಗ್ಲಿಷ್ ತೇರ್ಗಡೆಯಾಗಿರಬೇಕು. ಹಾಗಾಗಿ ಕಷ್ಟಪಟ್ಟು ಒಳಗೆ ಬಂದ ಹುಡುಗಿಗೆ ಮನೆಯವರು "ಪಾಸಾದರೆ ಸಾಕಮ್ಮ" ಎಂದು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದ ಹೇಳಿದ ಮಾತೇ, ಆದರೆ ಪಾಸಾಗುವುದು ಸಾಲದು. ಅಂಚಿನಲ್ಲಿ ತೇರ್ಗಡೆಯಾದವಳಿಗೆ ಪದವಿಯೂ ಸಿಗುತ್ತದೆ, ಉದ್ಯೋಗವೂ ಸಿಗುತ್ತದೆ, ಎಂ.ಎಸ್ಸಿ. ಬಾಗಿಲು ಮಾತ್ರ ತೆರೆಯುವುದಿಲ್ಲ. ಈ ಒಟ್ಟು ಅಂಕವು ಕೊನೆಯ ವರ್ಷದ್ದಲ್ಲ, ಇಡೀ ಪದವಿಯದ್ದು. 2021ರಲ್ಲಿ ಪ್ರಕಟವಾದ ಹೊಸ ನಿಯಮಾವಳಿಯೊಂದಿಗೆ ಬಿ.ಎಸ್ಸಿ. ನರ್ಸಿಂಗ್ ಎಂಟು ಸೆಮಿಸ್ಟರುಗಳಾಗಿದೆ. ಶರೀರ ರಚನೆ, ಶರೀರ ಕ್ರಿಯೆ ಮುಂತಾದ ಕಠಿಣ ವಿಷಯಗಳು ಮೊದಲ ಸೆಮಿಸ್ಟರಿನಲ್ಲೇ ಬರುತ್ತವೆ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಕ್ಕಳು ತತ್ತರಿಸುವುದೂ ಅಲ್ಲಿಯೇ. ಟ್ಯೂಷನ್‌ಗೆ ಹಣ ಖರ್ಚು ಮಾಡುವುದಿದ್ದರೆ ಕೊನೆಯ ವರ್ಷ ಬೇಡ, ಮೊದಲ ಆರು ತಿಂಗಳಲ್ಲಿ ಮಾಡಿ.

ಇಲ್ಲಿ ಇನ್ನೊಂದು ದಾರಿಯ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸಮುದಾಯದಲ್ಲಿ ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾ ಮಾಡಿದ ಹೆಣ್ಣು ಮಕ್ಕಳು ಅನೇಕರಿದ್ದಾರೆ. ಪದವಿಗೆ ಹಣವಿಲ್ಲದೆಯೋ ಅಂಕ ಸಾಲದೆಯೋ ಆ ದಾರಿ ಹಿಡಿದವರು. ಪದವೀಧರೆಯರ ಮುಂದೆ ತಾವು ಕಡಿಮೆ ಎಂಬ ಭಾವನೆ ಅವರಲ್ಲಿದೆ, ಮನೆಯವರಲ್ಲಿ ಇನ್ನೂ ಹೆಚ್ಚಾಗಿದೆ. ಆದರೆ ಪಿ.ಯು.ಸಿ. ತೇರ್ಗಡೆಯಾಗಿ, ಜಿ.ಎನ್.ಎಂ. ಮುಗಿಸಿ, ನೋಂದಣಿ ಮಾಡಿಕೊಂಡವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಸೇರಬಹುದು. ಅದನ್ನು ಶೇ. 55ರೊಂದಿಗೆ ಮುಗಿಸಿದರೆ ಎಂ.ಎಸ್ಸಿ. ಬಾಗಿಲು ಅವರಿಗೂ ತೆರೆದೇ ಇದೆ. ಇದರಲ್ಲಿ ಒಂದು ಅನುಕೂಲವನ್ನು ಗಮನಿಸಿ: ನೇರ ಬಿ.ಎಸ್ಸಿ. ಮಾಡಿದವರು ಪದವಿಯ ನಂತರವೇ ಒಂದು ವರ್ಷ ದುಡಿದಿರಬೇಕು. ಪೋಸ್ಟ್ ಬೇಸಿಕ್ ಮಾಡಿದವರಿಗಾದರೋ ಆ ಒಂದು ವರ್ಷವು ಪದವಿಗೆ ಮೊದಲಿನದ್ದಾದರೂ ಆಗುತ್ತದೆ, ನಂತರದ್ದಾದರೂ ಆಗುತ್ತದೆ. ಅಂದರೆ ಐದು ವರ್ಷ ನರ್ಸಿಂಗ್ ಹೋಮ್‌ನಲ್ಲಿ ದುಡಿದು ಮನೆ ನಡೆಸಿದ ಡಿಪ್ಲೊಮಾ ಹುಡುಗಿ, ಗೋಡೆಯ ಮೇಲೆ ಪದವಿ ತೂಗುಹಾಕಿದ ಹುಡುಗಿಗಿಂತ ಒಂದು ಹೆಜ್ಜೆ ಮುಂದಿದ್ದಾಳೆ. ಮದುವೆಯ ಮಾತುಕತೆಗಳಲ್ಲಿ "ಬರೀ ಜಿ.ಎನ್.ಎಂ." ಎಂದು ರಾಗ ಎಳೆಯುವವರಿಗೆ ಇದನ್ನು ತಿಳಿಸಿ.

ಹಾಗಾದರೆ ಆ ವರ್ಷವನ್ನು ಎಲ್ಲಿ ಕಳೆಯುವುದು? ನಿಮ್ಮ ಆತಂಕಗಳು ನನಗೆ ಗೊತ್ತಿವೆ. ರಾತ್ರಿ ಪಾಳಿ, ಪುರುಷ ವಾರ್ಡು, ಉಡುಪು, ಹೋಗಿ ಬರುವ ದಾರಿ. ಇವನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಬೇಡವೆಂದು ತೀರ್ಮಾನಿಸಿದ ಮೇಲೆ ಕೇಳಿ ಪ್ರಯೋಜನವಿಲ್ಲ, ಆಸ್ಪತ್ರೆಯ ಆಡಳಿತದವರಲ್ಲಿ ಮುಂಚಿತವಾಗಿ ಕೇಳಬೇಕು. ರಾತ್ರಿ ಪಾಳಿಗೆ ವಾಹನ ಇದೆಯೇ, ಹಾಸ್ಟೆಲ್ ಇದೆಯೇ, ಹೆರಿಗೆ ವಿಭಾಗ ಅಥವಾ ಮಕ್ಕಳ ವಿಭಾಗದಲ್ಲಿ ನಿಯೋಜಿಸಬಹುದೇ, ತಲೆವಸ್ತ್ರಕ್ಕೆ ಅವಕಾಶವಿದೆಯೇ ಎಂದು ನೇರವಾಗಿ ಕೇಳಿ. ಕೈಗಳನ್ನು ಮೊಣಕೈವರೆಗೆ ತೊಳೆಯಬೇಕಾದ ಕಡೆಗಳಲ್ಲಿ ತೋಳಿನ ವಿಷಯದಲ್ಲಿ ಹಟ ಹಿಡಿಯುವುದು ಸರಿಯಲ್ಲ, ಅಲ್ಲಿ ರೋಗಿಯ ಸುರಕ್ಷೆ ಮುಖ್ಯ. ಇನ್ನೊಂದು ಮಾತು: ನಿಯಮದಲ್ಲಿ ಆಸ್ಪತ್ರೆಯೊಂದೇ ಅಲ್ಲ, ನರ್ಸಿಂಗ್ ಶಿಕ್ಷಣ ಸಂಸ್ಥೆ ಮತ್ತು ಸಮುದಾಯ ಆರೋಗ್ಯ ಕ್ಷೇತ್ರದ ಕೆಲಸವೂ ಅನುಭವವೆಂದು ಪರಿಗಣಿತವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ವಾರ್ಡಿನಲ್ಲಿ ಕಳೆದ ವರ್ಷಕ್ಕೆ ಸಾಟಿಯಿಲ್ಲ.

ಸಂಬಳದ ವಿಷಯದಲ್ಲಿ ಹೆತ್ತವರ ಅಸಮಾಧಾನ ನ್ಯಾಯವಾದದ್ದೇ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಪಾಡನ್ನು ಪರಿಶೀಲಿಸಲು ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚನೆಯಾದ ಸಮಿತಿಯು, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂ.ಗಿಂತ ಕಡಿಮೆ ಕೊಡಬಾರದೆಂದೂ, 200 ಹಾಸಿಗೆಗಿಂತ ದೊಡ್ಡದಾದರೆ ಸರಕಾರಿ ನರ್ಸ್‌ಗೆ ಸಮನಾದ ವೇತನ ಕೊಡಬೇಕೆಂದೂ ಶಿಫಾರಸು ಮಾಡಿತ್ತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯ ಸರಕಾರಗಳ ಮೇಲಿತ್ತು. ನಮ್ಮ ಪಟ್ಟಣಗಳ ನರ್ಸಿಂಗ್ ಹೋಮ್‌ಗಳಲ್ಲಿ ಆ ಶಿಫಾರಸಿನ ಗತಿ ಏನಾಗಿದೆ ಎಂಬುದನ್ನು ನಿಮ್ಮ ನೆರೆಯ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಸಮುದಾಯದ ಶ್ರೀಮಂತರು ನಡೆಸುವ ಆಸ್ಪತ್ರೆಗಳು ಈ ವಿಷಯದಲ್ಲಿ ಮಾದರಿಯಾಗಬಹುದಿತ್ತು. ಸ್ವಲ್ಪ ಸಂಬಳ ಕೊಟ್ಟು ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ ಎಂಬುದು ನಾಚಿಕೆಯ ಸಂಗತಿ. ಮೂಲ ಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ನಕಲು ಕೊಟ್ಟು, ಮನೆಗೆ ತನ್ನಿ.

ಇದಕ್ಕಿಂತಲೂ ದೊಡ್ಡ ಪಿಡುಗು ಇನ್ನೊಂದಿದೆ. ಕೆಲಸವನ್ನೇ ಮಾಡದೆ ಅನುಭವ ಪತ್ರವನ್ನು ಕೊಂಡುಕೊಳ್ಳುವುದು. ಪರಿಚಯದ ವೈದ್ಯರಲ್ಲಿ ಮುದ್ರೆ ಹಾಕಿಸಿಕೊಂಡರಾಯಿತು ಎಂದು ನಮಾಝಿನ ಮೊದಲ ಸಾಲಿನಲ್ಲಿ ನಿಲ್ಲುವವರೂ ಸಲೀಸಾಗಿ ಹೇಳುವುದನ್ನು ಕೇಳಿದ್ದೇನೆ. ಇದು ಸುಳ್ಳು ಸಾಕ್ಷ್ಯ, ಬೇರೆ ಹೆಸರಿಲ್ಲ. ಧರ್ಮದ ಮಾತನ್ನು ಬದಿಗಿಟ್ಟು ಲಾಭದ ಲೆಕ್ಕದಲ್ಲಿ ನೋಡಿದರೂ ಇದು ನಷ್ಟವೇ. ಕೊಲ್ಲಿ ರಾಷ್ಟ್ರಗಳಲ್ಲಿ ಪರವಾನಿಗೆ ಕೊಡುವ ಮೊದಲು ದಾಖಲೆ ಪರಿಶೀಲನೆಯ ಸಂಸ್ಥೆಯು ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ಸಂಪರ್ಕಿಸಿ ವಿಚಾರಿಸುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಹುಡುಗಿಯ ನಿಜವಾದ ಪದವಿಯ ಮೇಲೂ ಸಂಶಯದ ನೆರಳು ಬೀಳುತ್ತದೆ. ಅದಕ್ಕೂ ಮಿಗಿಲಾಗಿ, ವಾರ್ಡು ಕಾಣದ ಎಂ.ಎಸ್ಸಿ. ಪದವೀಧರೆ ನಾಳೆ ಕಾಲೇಜಿನಲ್ಲಿ ಅಧ್ಯಾಪಕಿಯಾಗುತ್ತಾಳೆ. ರಕ್ತಸ್ರಾವವಾಗುತ್ತಿರುವ ಬಾಣಂತಿಯ ಮುಂದೆ ಏನು ಮಾಡಬೇಕೆಂದು ಅವಳು ಯಾರಿಗೆ ಕಲಿಸಬಲ್ಲಳು?

ಎಂ.ಎಸ್ಸಿ. ಸೇರಿದ ಮೇಲೆ ಏನಿದೆ ಎಂಬುದನ್ನೂ ಮನೆಯವರು ತಿಳಿದಿರಬೇಕು. ಎರಡು ವರ್ಷದ ವ್ಯಾಸಂಗ. ಐದು ವಿಶೇಷ ವಿಭಾಗಗಳು: ವೈದ್ಯಕೀಯ-ಶಸ್ತ್ರಚಿಕಿತ್ಸಾ ನರ್ಸಿಂಗ್, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಪ್ರತಿ ವಿಷಯದಲ್ಲಿ ಶೇ. 80 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಗೈರುಹಾಜರಿಯ ಕಾರಣ ಯಾವುದಿದ್ದರೂ ವಿನಾಯಿತಿ ಇಲ್ಲ. ಪ್ರಾಯೋಗಿಕ ತರಬೇತಿಯಲ್ಲಿ ಪದವಿ ಸಿಗುವುದರೊಳಗೆ ಶೇ. 100 ಪೂರ್ತಿಯಾಗಲೇಬೇಕು. ಲಿಖಿತ ಮತ್ತು ಪ್ರಾಯೋಗಿಕ ಎರಡರಲ್ಲೂ ಪ್ರತ್ಯೇಕವಾಗಿ ಶೇ. 50 ಬೇಕು, ಒಂದರಲ್ಲಿ ಅನುತ್ತೀರ್ಣಳಾದರೆ ಎರಡನ್ನೂ ಮತ್ತೆ ಬರೆಯಬೇಕು. ಮೊದಲ ವರ್ಷದ ವಿಷಯ ಬಾಕಿಯಿದ್ದರೂ ಎರಡನೆಯ ವರ್ಷದ ತರಗತಿಗೆ ಹೋಗಬಹುದು, ಆದರೆ ಅದನ್ನು ದಾಟದೆ ಎರಡನೆಯ ವರ್ಷದ ಪರೀಕ್ಷೆ ಬರೆಯುವಂತಿಲ್ಲ. ಒಂದು ವಿಷಯಕ್ಕೆ ಮೊದಲನೆಯದೂ ಸೇರಿ ಮೂರೇ ಅವಕಾಶ, ಒಟ್ಟು ನಾಲ್ಕು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಇದರ ಜೊತೆಗೆ ಸಂಶೋಧನಾ ಪ್ರಬಂಧ. ಹಾಜರಾತಿಯ ಈ ನಿಯಮವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಂಧುಗಳ ಮದುವೆ, ಅತ್ತೆಯ ಮನೆಯ ಸಮಾರಂಭ, ಗಂಡ ರಜೆಯಲ್ಲಿ ಊರಿಗೆ ಬಂದ ಎರಡು ತಿಂಗಳು, ಇವೆಲ್ಲ ಕೂಡಿ ಹುಡುಗಿಯ ಹಾಜರಾತಿಯನ್ನು ತಿಂದುಹಾಕುತ್ತವೆ. ವಿಶ್ವವಿದ್ಯಾನಿಲಯಕ್ಕೆ ಅತ್ತೆಯೂ ಗೊತ್ತಿಲ್ಲ, ಮಾವನೂ ಗೊತ್ತಿಲ್ಲ.

ಆದುದರಿಂದ ಮದುವೆಯ ಮಾತುಕತೆಯಲ್ಲಿಯೇ ಇದು ಇತ್ಯರ್ಥವಾಗಲಿ. ಮೆಹ್ರ್ ಎಷ್ಟು, ಊಟಕ್ಕೆ ಎಷ್ಟು ಜನ ಎಂದು ಗಂಟೆಗಟ್ಟಲೆ ಮಾತನಾಡುವ ನಾವು, "ಹುಡುಗಿ ಒಂದು ವರ್ಷ ಕೆಲಸ ಮಾಡುತ್ತಾಳೆ, ಬಳಿಕ ಎರಡು ವರ್ಷ ಓದುತ್ತಾಳೆ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?" ಎಂದು ಒಂದು ನಿಮಿಷ ಕೇಳಲು ಏಕೆ ಸಂಕೋಚಪಡಬೇಕು? ಒಪ್ಪಿದರೆ ನಿಕಾಹ್‌ಗೆ ಮೊದಲೇ ಅದನ್ನು ಲಿಖಿತವಾಗಿಡಿ. ಜಮಾಅತಿನ ಪದಾಧಿಕಾರಿಗಳು ಇಲ್ಲಿದ್ದಾರೆ, ಅವರಲ್ಲಿಯೂ ನನ್ನ ವಿನಂತಿ ಇದೇ.

ಇಷ್ಟೆಲ್ಲ ಏಕೆ ಎಂದು ಕೇಳುವವರಿರಬಹುದು. ಬಿ.ಎಸ್ಸಿ.ಯಿಂದ ಉದ್ಯೋಗ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ನರ್ಸಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಿಂದ ಪ್ರಾಂಶುಪಾಲೆಯವರೆಗಿನ ಹುದ್ದೆಗಳಿಗೆ ಎಂ.ಎಸ್ಸಿ. ಕಡ್ಡಾಯ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕೆಂಬ ನಿಯಮವಿರುವುದರಿಂದ ಕಾಲೇಜುಗಳಿಗೆ ಅಧ್ಯಾಪಕಿಯರು ಸದಾ ಬೇಕು. ಹಗಲಿನ ಕೆಲಸ, ರಾತ್ರಿ ಪಾಳಿ ಇಲ್ಲ. ಹೆತ್ತವರು ಮಗಳಿಗೆ ಯಾವ ಬಗೆಯ ಉದ್ಯೋಗ ಬಯಸುತ್ತಾರೋ ಅದು ಆ ಒಂದು ವರ್ಷದ ಆಚೆಗೇ ಇದೆ. ತೀವ್ರ ನಿಗಾ ಘಟಕದಲ್ಲಿಯೇ ಮುಂದುವರಿಯಲು ಬಯಸುವವರಿಗೆ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ತರಬೇತಿಯೂ ಇದೆ. ಅದಕ್ಕೂ ಒಂದು ವರ್ಷದ ರೋಗಿಶುಶ್ರೂಷೆಯ ಅನುಭವ ಬೇಕು.

ಪಿಎಚ್.ಡಿ.ಯ ಕುರಿತು ಹೆಚ್ಚು ಹೇಳಲು ಸಮಯವಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ ಈ ಹಂತದಲ್ಲಿ ಆಸರೆಯಾಗಬಹುದಿತ್ತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಅದನ್ನು ನಿಲ್ಲಿಸಿದುದಾಗಿ ಲೋಕಸಭೆಯಲ್ಲಿ ಪ್ರಕಟಿಸಿತು. ಬೇರೆ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಒಬ್ಬ ವಿದ್ಯಾರ್ಥಿಗೆ ಎರಡು ಕಡೆ ಹಣ ಹೋಗದಂತೆ ತಡೆಯಲು ಯೋಜನೆಯನ್ನೇ ಮುಚ್ಚಬೇಕಿತ್ತೇ ಎಂದು ನಮ್ಮ ಪ್ರತಿನಿಧಿಗಳು ಕೇಳಬೇಕು. ಮಕ್ಕಳು ಎಂ.ಎಸ್ಸಿ.ವರೆಗೆ ತಲುಪದಿದ್ದರೆ ಆ ಪ್ರಶ್ನೆ ಕೇಳುವ ಸಂದರ್ಭವೇ ನಮಗೆ ಬರುವುದಿಲ್ಲ ಎಂಬುದು ಬೇರೆ ಮಾತು.

ಒಂದು ಎಚ್ಚರಿಕೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. 1947ರ ಹಳೆಯ ಕಾಯಿದೆಯ ಜಾಗಕ್ಕೆ ರೂಪಿಸಿದ್ದು ಅದು. ಪ್ರವೇಶದ ನಿಯಮಗಳಲ್ಲಿ ಬದಲಾವಣೆ ಬರಬಹುದು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ತಪ್ಪದೆ ಓದಿ, ಏಜೆಂಟರ ಬಾಯಿಮಾತನ್ನು ನಂಬಬೇಡಿ. ಕಾಲೇಜಿಗೆ ಯಾರ ಯಾರ ಮಾನ್ಯತೆ ಇದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ.

ಮಗ್ರಿಬ್‌ವರೆಗೆ ನಾನು ಈ ಸಭಾಂಗಣದಲ್ಲಿಯೇ ಇರುತ್ತೇನೆ. ಮಕ್ಕಳ ಅಂಕಪಟ್ಟಿ ತಂದವರು ಬಂದು ತೋರಿಸಬಹುದು. ಕೊನೆಯ ಸೆಮಿಸ್ಟರಿನದ್ದು ಮಾತ್ರ ಸಾಲದು, ಎಲ್ಲವೂ ಬೇಕು. ನೋಂದಣಿ ಪತ್ರ ಆಗಿದ್ದರೆ ಅದನ್ನೂ ತನ್ನಿ.