ತಿಪ್ಪೆ ಯಾರದು, ಬೆಳೆ ಯಾರದು?

(ಮಲಪನಗುಡಿಯಲ್ಲಿ ಸೇರಿದ್ದ ರೈತರ ಮತ್ತು ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನೀವು ಕರೆಸಿದ್ದೀರಿ. ದೇಶದ ದೊಡ್ಡ ಪ್ರಶ್ನೆಗಳನ್ನೆಲ್ಲ ಬಿಟ್ಟು ಇವರು ತಿಪ್ಪೆ ಕೆದರಲು ಹೊರಟರಲ್ಲ ಎಂದು ಪೇಟೆಯ ಕೆಲವು ಸ್ನೇಹಿತರು ನಕ್ಕದ್ದುಂಟು. ನಗಲಿ. ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡ ಎಂಬ ಗಾದೆ ನಮ್ಮಲ್ಲಿದೆ. ಉಪ್ಪರಿಗೆಯಲ್ಲಿ ಮಲಗಿದವರಿಗೆ ತಿಪ್ಪೆಯ ಕನಸು ಎಂದೂ ಬೀಳುವುದಿಲ್ಲ. ಆದ್ದರಿಂದ ಆ ಮಾತನ್ನು ನಾವೇ ಆಡಬೇಕಾಗಿದೆ.

ನಿಮ್ಮ ಊರಿನ ಸುತ್ತ ಕಣ್ಣು ಹಾಯಿಸಿರಿ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಈ ಸೀಮೆಗೆ ಇಂದಿಗೂ ನೀರುಣಿಸುತ್ತಿವೆ. ಐನೂರು ವರ್ಷ ಈ ನೆಲ ಭತ್ತ, ಕಬ್ಬು, ಬಾಳೆ ಕೊಟ್ಟಿದೆ. ಆ ಐನೂರರಲ್ಲಿ ಬಹುಪಾಲು ವರ್ಷ ಅದು ಉಂಡದ್ದು ದನದ ಸಗಣಿ, ಕೆರೆಯ ಗೋಡು, ಹಸಿರೆಲೆ, ಹೊಲದಲ್ಲಿ ರಾತ್ರಿ ತಂಗಿದ ಕುರಿ ಮಂದೆಯ ಹಿಕ್ಕೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ದೊಡ್ಡ ಕಾರ್ಖಾನೆ ಜರ್ಮನಿಯಲ್ಲಿ ಮೊದಲು ನಡೆದದ್ದೇ 1913ರಲ್ಲಿ. ಚೀಲದ ಗೊಬ್ಬರಕ್ಕೆ ಇನ್ನೂ ನೂರು ಚಿಲ್ಲರೆ ವರ್ಷದ ವಯಸ್ಸು.

ಹಾಗೆಂದು ಯೂರಿಯಾ ವಿಷ, ನಾಳೆಯೇ ಬಿಟ್ಟುಬಿಡಿ ಎಂದು ಹೇಳುವವರು ನಾವಲ್ಲ. ಪಕ್ಕದ ಶ್ರೀಲಂಕಾದಲ್ಲಿ 2021ರಲ್ಲಿ ಸರ್ಕಾರ ಏಕಾಏಕಿ ರಾಸಾಯನಿಕ ಗೊಬ್ಬರದ ಆಮದನ್ನು ನಿಲ್ಲಿಸಿತು. ಭತ್ತದ ಬೆಳೆ ಬಿತ್ತು, ರೈತರು ಬೀದಿಗೆ ಬಂದರು, ಅದೇ ವರ್ಷ ನವೆಂಬರಿನಲ್ಲಿ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಅರಮನೆಯಲ್ಲಿ ಕುಳಿತು ಹೊಲಕ್ಕೆ ಅಪ್ಪಣೆ ಕೊಟ್ಟರೆ ಹೀಗೇ ಆಗುವುದು. ಲೆಕ್ಕ ನೋಡಿರಿ. 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಗೂ ತುಸು ಹೆಚ್ಚು ಸಾರಜನಕವಿದೆ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿರುವುದು ಸುಮಾರು 5 ಕಿಲೋ. ಬಂಡಿಗೆ ಅರ್ಧ ಟನ್ ಹಿಡಿದರೆ, ಎಂಟು ಬಂಡಿ ಗೊಬ್ಬರ ಒಂದು ಚೀಲಕ್ಕೆ ಸಮ. ಆದರೆ ಆ ಎಂಟು ಬಂಡಿಯಲ್ಲಿ ರಂಜಕವಿದೆ, ಪೊಟ್ಯಾಷ್ ಇದೆ, ಸತುವಿದೆ. ಎಲ್ಲಕ್ಕಿಂತ ಮಿಗಿಲಾಗಿ ಎರೆಮಣ್ಣನ್ನು ಸಡಿಲ ಮಾಡಿ ನೀರು ಇಂಗಿಸುವ ಗುಣವಿದೆ. ಕಾಲುವೆಯ ನೀರು ಹೆಚ್ಚಾಗಿ ಸವಳು ಜವಳು ಹಿಡಿದ ಹೊಲ ಇರುವವರಿಗೆ ಈ ಗುಣದ ಬೆಲೆ ಗೊತ್ತು. ಚೀಲ ಅದನ್ನು ಕೊಡಲಾರದು.

ಇಷ್ಟು ಬೆಲೆಯುಳ್ಳದ್ದನ್ನು ನಾವು ಮಾಡುತ್ತಿರುವುದೇನು? ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ. ಭತ್ತ ಕೊಯ್ದ ಮೇಲೆ ಹುಲ್ಲಿಗೆ ಬೆಂಕಿ. ಸುಟ್ಟಾಗ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಒಂದಿಷ್ಟು ಉಳಿಯುತ್ತದೆ. ಬಾಳೆಯ ದಿಂಡನ್ನು ಬದುವಿಗೆ ಎಸೆಯುತ್ತೇವೆ. ದನದ ಗಂಜಲವಂತೂ ಕೊಟ್ಟಿಗೆಯ ನೆಲದಲ್ಲೇ ಇಂಗುತ್ತದೆ. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಗಂಜಲದಲ್ಲೇ ಇದೆಯೆಂಬುದನ್ನು ನೆನಪಿಡಿರಿ.

ಸಗಣಿಯನ್ನು ಕುಳ್ಳು ತಟ್ಟಿ ಸುಡಬೇಡಿರೆಂದು ತಾಯಂದಿರಿಗೆ ಉಪದೇಶ ಮಾಡುವುದು ಬಹಳ ಸುಲಭ. ಸಿಲಿಂಡರಿಗೆ ದುಡ್ಡು ಹೊಂದದ ಮನೆಯವರು ಒಲೆಗೆ ಏನಿಡಬೇಕು ಎಂಬುದನ್ನು ಉಪದೇಶಕರು ಹೇಳುವುದಿಲ್ಲ. ಕುಳ್ಳು ತಟ್ಟುವವರು ತಟ್ಟಿರಿ. ಆದರೆ ಗಂಜಲವನ್ನು ಬಿಡಬೇಡಿ. ಕೊಟ್ಟಿಗೆಯಲ್ಲಿ ಅರ್ಧ ಅಡಿ ಒಣಮಣ್ಣು ಹರವಿರಿ. ಗಂಜಲ ಕುಡಿದು ತೋಯ್ದ ಮಣ್ಣನ್ನು ತೆಗೆದು ಗುಂಡಿಗೆ ಹಾಕಿ ಹೊಸ ಮಣ್ಣು ಹರವಿರಿ. ಇಂದೂರಿನಲ್ಲಿ 1924ರಿಂದ 1931ರವರೆಗೆ ಆಲ್ಬರ್ಟ್ ಹೋವಾರ್ಡ್ ಎಂಬ ವಿಜ್ಞಾನಿ ಯಶವಂತ ವಾಡ್ ಅವರ ಜೊತೆಗೂಡಿ ರೂಪಿಸಿದ ಪದ್ಧತಿಯಲ್ಲಿ ಈ ಗಂಜಲದ ಮಣ್ಣೇ ಮುಖ್ಯ. ಹೋವಾರ್ಡ್ ಸಾಹೇಬರು ಇದನ್ನೆಲ್ಲ ಕಲಿತದ್ದು ಹೆಚ್ಚಾಗಿ ಇಲ್ಲಿಯ ರೈತರನ್ನು ನೋಡಿ. ಅವರೇ ಅದನ್ನು ಒಪ್ಪಿಕೊಂಡವರು.

ಗುಂಡಿಯ ವಿಚಾರ. ಎರಡು ದನವಿರುವ ಮನೆಗೆ ಹತ್ತಡಿ ಉದ್ದ, ಐದಡಿ ಅಗಲ, ಮೂರಡಿ ಆಳ ಸಾಕು. ನೀರು ನಿಲ್ಲದ ಎತ್ತರದ ಜಾಗ ಬೇಕು, ಮರದ ನೆರಳಿದ್ದರೆ ಲೇಸು. ತಳಕ್ಕೆ ಬಿರುಸಾದ ಕಡ್ಡಿ, ತೊಗರಿಕಟ್ಟಿಗೆ ಹಾಕಿರಿ. ಅದರ ಮೇಲೆ ಅರ್ಧ ಅಡಿ ರವದಿ, ಹುಲ್ಲು. ರವದಿಯನ್ನು ಕತ್ತರಿಸಿ, ಒಂದು ರಾತ್ರಿ ನೆನೆಸಿ ಹಾಕಬೇಕು. ಒಣಗಿದ್ದನ್ನೇ ತುಂಬಿದರೆ ವರ್ಷ ಕಳೆದರೂ ರವದಿ ರವದಿಯಾಗಿಯೇ ಇರುತ್ತದೆ. ಮೇಲೆ ಸಗಣಿ ಬಗ್ಗಡ ಚಿಮುಕಿಸಿ, ಗಂಜಲದ ಮಣ್ಣು ಎರಡು ಬೆರಳಷ್ಟು ಹರವಿರಿ. ಮತ್ತೆ ರವದಿ, ಮತ್ತೆ ಬಗ್ಗಡ. ಒಣಗಿದ್ದು ಹೆಚ್ಚಾಗಿ ಹಸಿದು ಕಡಿಮೆಯಾದರೆ ಕೊಳೆಯುವುದಿಲ್ಲ. ಹಸಿದೇ ಹೆಚ್ಚಾದರೆ ನಾರುತ್ತದೆ. ಬೇವಿನ ಸೊಪ್ಪು, ಹೊಂಗೆ ಸೊಪ್ಪು, ಹೊಡೆಸಿಕೊಳ್ಳದ ಬಾಳೆ ದಿಂಡಿನ ಚೂರು ಎಲ್ಲವೂ ಬರಲಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. (ಆ ಹೆಸರಿಟ್ಟವರು ನಾವಲ್ಲ, ಜನ.) ಹೂವಾದ ಮೇಲೆ ಹಾಕಿದಿರೋ, ಬೀಜ ನಿಮ್ಮ ಹೊಲಕ್ಕೇ ಮರಳುತ್ತದೆ.

ಇದನ್ನು ಎರಡು ಬಗೆಯಲ್ಲಿ ಕೊಳೆಸಬಹುದು. ಇಂದೂರಿನ ಬಗೆಯಲ್ಲಿ ಹದಿನೈದು ದಿನಕ್ಕೆ, ತಿಂಗಳಿಗೆ, ಎರಡು ತಿಂಗಳಿಗೆ ತಿರುವಿಹಾಕಬೇಕು, ನೀರು ಚಿಮುಕಿಸಬೇಕು. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಕಬ್ಬಿಣದ ಸರಳನ್ನು ಗುಂಡಿಗೆ ಚುಚ್ಚಿಟ್ಟು ಸ್ವಲ್ಪ ಹೊತ್ತಿಗೆ ಎಳೆದರೆ ಕೈಗೆ ಸುಡುವಷ್ಟು ಬಿಸಿ ಇರಬೇಕು. ಆ ಬಿಸಿಗೆ ಕಳೆಬೀಜ, ರೋಗಾಣು ಸಾಯುತ್ತವೆ. ಎರಡನೆಯದು ಬೆಂಗಳೂರಿನ ಬಗೆ. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ್ದು. ಗುಂಡಿಯನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿಬಿಡುವುದು. ತಿರುವುವ ಕೆಲಸವಿಲ್ಲ, ಮತ್ತೆ ನೀರು ಕೇಳುವುದಿಲ್ಲ. ಎಂಟೊಂಬತ್ತು ತಿಂಗಳು ತಾಳಬೇಕು. ಹಗಲೆಲ್ಲ ಕೂಲಿಗೆ ಹೋಗುವ ಮನೆಗೆ, ಬೇಸಿಗೆಯಲ್ಲಿ ನೀರಿಗೆ ಪರದಾಡುವ ಈ ಸೀಮೆಗೆ ಇದೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಈ ಬೆಂಗಳೂರು ಪದ್ಧತಿಯ ಬಗ್ಗೆ ಇನ್ನೊಂದು ಮಾತಿದೆ. ಪುಸ್ತಕದಲ್ಲಿ ಅದು ಊರ ಕಸ ಮತ್ತು ಮಲವನ್ನು ಪದರ ಪದರವಾಗಿ ತುಂಬುವ ಪದ್ಧತಿ. ಆ ಮಲ ತಾನಾಗಿ ನಡೆದು ಗುಂಡಿಗೆ ಬರಲಿಲ್ಲ. ಅದನ್ನು ತಲೆಯ ಮೇಲೆ ಹೊತ್ತವರು ಯಾವ ಜಾತಿಯವರೆಂದು ನಿಮಗೆ ಹೇಳಬೇಕಾಗಿಲ್ಲ. ಪುರಸಭೆಗಳು ಗೊಬ್ಬರ ಮಾರಿದ ಹಣಕ್ಕೆ ಲೆಕ್ಕವಿಟ್ಟವು. ಹೊತ್ತ ತಲೆಗಳಿಗೆ ಲೆಕ್ಕವಿರಲಿಲ್ಲ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ದೇಶಕ್ಕೆ ಕಾಯಿದೆ ಬಂದದ್ದು 1993ರಲ್ಲಿ, ಮತ್ತೊಮ್ಮೆ 2013ರಲ್ಲಿ. ಮಲದ ಬದಲಿಗೆ ಸಗಣಿ ಬಗ್ಗಡ ಸಾಕು, ಗೊಬ್ಬರ ಚೆನ್ನಾಗಿಯೇ ಆಗುತ್ತದೆ.

ಹೊಲವಿಲ್ಲದ, ದನವಿಲ್ಲದ ಮನೆಯವರೂ ಇಲ್ಲಿ ಕುಳಿತಿದ್ದೀರಿ. ಒಂದು ಹಳೆಯ ಗಡಿಗೆಯ ತಳಕ್ಕೆ ತೂತು ಮಾಡಿರಿ. ಕಾಯಿಪಲ್ಲೆಯ ಸಿಪ್ಪೆ, ಚಹಾದ ಚರಟ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಹಾಕಿ, ದಿನವೂ ಒಂದು ಹಿಡಿ ಒಣಎಲೆ, ಒಂದು ಹಿಡಿ ಮಣ್ಣು ಮುಚ್ಚಿರಿ. ಎಣ್ಣೆ, ಉಪ್ಪು, ಎಂಜಲು ಸಾರು ಬೇಡ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ಹದ. ಮೂರು ನಾಲ್ಕು ತಿಂಗಳಲ್ಲಿ ಬಾಗಿಲ ಮುಂದಿನ ಬದನೆ ಗಿಡಕ್ಕೆ, ಹೀರೆ ಬಳ್ಳಿಗೆ ಸಾಕಾಗುವಷ್ಟು ದೊರೆಯುತ್ತದೆ. ಒಲೆಯ ಬೂದಿಯನ್ನು ಮಾತ್ರ ಹಸಿ ಸಗಣಿ, ಗಂಜಲದ ಜೊತೆ ಬೆರೆಸಬೇಡಿ, ಸಾರಜನಕ ಹಾರಿಹೋಗುತ್ತದೆ. ಹಿಂದಿನವರ ತಿಪ್ಪೆಯಲ್ಲಿ ಇಲ್ಲದ ಒಂದು ಪಿಡುಗು ಇಂದಿನ ತಿಪ್ಪೆಯಲ್ಲಿದೆ: ಪ್ಲಾಸ್ಟಿಕ್, ಗುಟ್ಕಾ ಚೀಟಿ. ಅದನ್ನು ಆಯದೆ ಹಾಕಿದರೆ ಹೊಲವೇ ಕಸದ ತೊಟ್ಟಿ.

ಜೀವಾಮೃತದ ಬಗ್ಗೆ ಹಲವರು ಕೇಳಿದ್ದೀರಿ. ಸುಭಾಷ್ ಪಾಳೇಕರ್ ಅವರು ಪ್ರಚಾರ ಮಾಡಿದ ಕ್ರಮದಲ್ಲಿ 200 ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಅದು ಹೆಪ್ಪು. ಹಾಲಿದ್ದರೆ ಹೆಪ್ಪಿಗೆ ಕೆಲಸ. ನೆಲದಲ್ಲಿ ಕೊಳೆಯುವ ಪದಾರ್ಥವೇ ಇಲ್ಲದಿದ್ದರೆ ಬರಿಯ ಹೆಪ್ಪಿನಿಂದ ಮೊಸರಾಗದು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಗೊಬ್ಬರದ ಗುಣ ಒಂದೇ ವರ್ಷದಲ್ಲಿ ತೀರುವುದಿಲ್ಲ. ಅದರ ಸಾರಜನಕದಲ್ಲಿ ಮೊದಲ ಬೆಳೆಗೆ ಸಿಗುವುದು ಮೂರರಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಮುಂದಿನ ವರ್ಷಗಳಿಗೆ. ಹೊಲ ತನ್ನದಾದವನಿಗೆ ಇದು ಗಂಟು. ವರ್ಷದ ಗುತ್ತಿಗೆಗೆ ಹೊಲ ಹಿಡಿದವನಿಗೆ? ಅವನು ಎಂಟು ಬಂಡಿ ಹೊಡೆದ ಮೇಲೆ, ಹೊಲ ಹದವಾದದ್ದನ್ನು ಕಂಡು ಒಡೆಯ ಗುತ್ತಿಗೆ ಏರಿಸುತ್ತಾನೆ, ಇಲ್ಲವೇ ಮತ್ತೊಬ್ಬನಿಗೆ ಕೊಡುತ್ತಾನೆ. ಇದನ್ನು ಬಲ್ಲ ಗುತ್ತಿಗೆದಾರ ಚೀಲ ಹೊತ್ತು ತಂದು ಸುರಿದು, ಆ ವರ್ಷದ ಬೆಳೆ ಎತ್ತಿಕೊಂಡು ಹೋಗುತ್ತಾನೆ. ಅವನನ್ನು ಸೋಮಾರಿ, ನೆಲ ಕೆಡಿಸುವವ ಎನ್ನುವುದು ಅನ್ಯಾಯ. ಅವನ ಲೆಕ್ಕ ಸರಿಯಾಗಿದೆ. ವ್ಯವಸ್ಥೆಯ ಲೆಕ್ಕ ತಪ್ಪಾಗಿದೆ.

1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತೆಂದು ಕಾಯಿದೆ ಹೇಳುತ್ತದೆ. ಬಹಳ ಜನ ಗೇಣಿದಾರರಿಗೆ ಅದರಿಂದ ನೆಲ ದಕ್ಕಿತು, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಬಾಯಿಮಾತಿನ ಗುತ್ತಿಗೆ ನಿಂತಿಲ್ಲ. ಕಾಗದವಿಲ್ಲದ್ದರಿಂದ ಅವನಿಗೆ ಸಾಲವಿಲ್ಲ, ಹಾಕಿದ ಗೊಬ್ಬರದ ಮೇಲೆ ಹಕ್ಕೂ ಇಲ್ಲ. ಇಂಗ್ಲೆಂಡಿನಲ್ಲಿ, ಜಮೀನುದಾರರ ದೇಶವೆಂದೇ ಹೆಸರಾದ ಆ ಇಂಗ್ಲೆಂಡಿನಲ್ಲಿಯೇ, 1883ರ ಕಾಯಿದೆಯಂತೆ ಹೊಲ ಬಿಟ್ಟು ಹೋಗುವ ಗೇಣಿದಾರನಿಗೆ ಅವನು ಹಾಕಿದ ಗೊಬ್ಬರದಲ್ಲಿ ತೀರದೆ ಉಳಿದ ಸತ್ವಕ್ಕೆ ಒಡೆಯ ಪರಿಹಾರ ಕೊಡಬೇಕಾಗಿತ್ತು. ನೂರನಲವತ್ತು ವರ್ಷದ ಹಿಂದಿನ ಮಾತು. ನಾವು ಅದಕ್ಕಿಂತ ಹೆಚ್ಚೇನನ್ನೂ ಕೇಳುತ್ತಿಲ್ಲ. ಬಂಡಿಯ ಲೆಕ್ಕ ಊರವರ ಮುಂದೆ ಬರೆದಿಡಲಿ. ಹೊಲ ಬಿಡಿಸುವವನು ಉಳಿದ ಬಂಡಿಗಳ ಬೆಲೆ ಕೊಟ್ಟು ಬಿಡಿಸಲಿ. ಬುಟ್ಟಿ ಹೊತ್ತ ಹೆಂಗಸಿನ ಕೂಲಿಯೂ ಆ ಲೆಕ್ಕದಲ್ಲಿ ಸೇರಬೇಕು. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಪೂಜಿಸುತ್ತೇವೆ. ವರ್ಷವೆಲ್ಲ ಸಗಣಿ ಎತ್ತಿದವಳಿಗೆ ಗಂಡಾಳಿನ ಸಮನಾದ ಕೂಲಿ ಕೊಡಲು ಮಾತ್ರ ಕೈ ಹಿಂದೆಗೆಯುತ್ತದೆ.

ಇನ್ನು ಗುಂಡಿಗೆ ಜಾಗವೇ ಇಲ್ಲದವರ ಮಾತು. ಊರ ಹೊರಗೆ ಸಾಮೂಹಿಕ ಗುಂಡಿಗಳಿಗೆ ಸ್ಥಳ ಗೊತ್ತುಮಾಡಿಕೊಡಬೇಕೆಂದು ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದು ತಂದಿದ್ದೇವೆ. ಹೊಲವಿಲ್ಲದವರು ಅಲ್ಲಿ ಗೊಬ್ಬರ ಮಾಡಿ ಬಂಡಿಯ ಲೆಕ್ಕದಲ್ಲಿ ಮಾರಿಕೊಳ್ಳಲಿ. ಸಹಿ, ಹೆಬ್ಬೆಟ್ಟು ಹಾಕುವವರು ಸಭೆ ಮುಗಿದ ಮೇಲೆ ಇಲ್ಲಿಯೇ ಉಳಿಯಿರಿ. ಅಳತೆಯ ಹಗ್ಗವೂ ಜೊತೆಗಿದೆ. ಯಾರ ಹಿತ್ತಲಲ್ಲಿ ಜಾಗವಿದೆಯೋ ಅವರು ಮುಂದೆ ಬಂದರೆ ಮೊದಲ ಗುಂಡಿಯ ಗೆರೆಯನ್ನು ಕತ್ತಲಾಗುವುದರೊಳಗೆ ಹಾಕಿಬಿಡೋಣ.