ಪಾಲಕರ ಮುಂದೆ ಓದಬಲ್ಲ ಲೆಕ್ಕ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬೆಳಗಿನ ಬಸ್ಸು ಹಿಡಿದು ಗದಗ-ಬೆಟಗೇರಿಗೆ ಬಂದಿರುವ ಗುರುಗಳೇ, ಗುರುಮಾತೆಯರೇ, ಎಸ್‌ಡಿಎಂಸಿ ಸದಸ್ಯರೇ,

ಶಾಲೆಯ ಹಣಕಾಸು ಮತ್ತು ನಿಯಮಪಾಲನೆಯ ತರಬೇತಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆಡಿಟ್. ಯಾವ ವೋಚರಿಗೆ ಸಹಿ ಇಲ್ಲ, ಯಾವ ಖರೀದಿಗೆ ಠರಾವಿಲ್ಲ, ಆಕ್ಷೇಪಣೆಗೆ ಏನು ಉತ್ತರ ಬರೆಯಬೇಕು ಎಂಬ ಚಿಂತೆ. ಆ ಚಿಂತೆ ಸಹಜ. ಆದರೆ ಆಡಿಟ್ ಬರುವುದು ದುಡ್ಡು ಖರ್ಚಾದ ಮೇಲೆ. ಅದಕ್ಕಿಂತ ಮೊದಲೇ ಲೆಕ್ಕ ಕೇಳಬೇಕಾದವರು ಆ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಿ ತಂದೆ. ಅವರ ಮುಂದೆ ಓದಿ ಹೇಳಬಲ್ಲ ಲೆಕ್ಕ ಬರೆಯುವುದನ್ನು ಈ ತರಬೇತಿ ಕಲಿಸಬೇಕು ಎಂಬುದು ನನ್ನ ಆಶಯ.

ಕಾನೂನೂ ಇದನ್ನೇ ಬಯಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ನೋಡುವುದು ಆ ಸಮಿತಿಯ ಕರ್ತವ್ಯ. ಕರ್ನಾಟಕವಂತೂ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ರಚಿಸಿತ್ತು. ಇಷ್ಟಾಗಿಯೂ ಠರಾವು ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದು ನಿಂತಿಲ್ಲ. ಸಭೆಯೇ ಸೇರದ ಠರಾವಿನಲ್ಲಿ ಸಹಿಗಳೆಲ್ಲ ಸರಿಯಾಗಿದ್ದರೂ ಕಾಯ್ದೆಯ ಪಾಲನೆಯಾದಂತಲ್ಲ.

ಮೊತ್ತದ ಮಾತಿಗೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಸಂಯೋಜಿತ ಅನುದಾನ, 101ರಿಂದ 250 ಮಕ್ಕಳಿದ್ದರೆ 50,000. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಒಂದೇ ಒಂದು ಮಗುವಿನ ಅಂತರದಲ್ಲಿ 25,000 ರೂಪಾಯಿ ವ್ಯತ್ಯಾಸ! ಮುಂಡರಗಿ, ಶಿರಹಟ್ಟಿಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುವ ಮನೆತನಗಳಿವೆ. ಅವರ ಮಕ್ಕಳ ಹೆಸರು ಶಾಲಾ ಗಣತಿಯ ಯುಡೈಸ್ ಮಾಹಿತಿಯಲ್ಲಿ ತಪ್ಪಿಹೋದರೆ ಮಗುವಿನ ಕಲಿಕೆಯ ಜತೆಗೆ ಶಾಲೆಯ ಪಾಲೂ ಹೋಗುತ್ತದೆ. ಹಾಗೆಂದು ಇಲ್ಲದ ಮಗುವಿನ ಹೆಸರು ಬರೆಯುವುದು ಅಪರಾಧ. ಆದ್ದರಿಂದ ನಗದು ಪುಸ್ತಕದಷ್ಟೇ ಎಚ್ಚರದಿಂದ ಹಾಜರಿ ಪುಸ್ತಕ ಬರೆಯಬೇಕೆಂದು ಒತ್ತಿ ಹೇಳುತ್ತೇನೆ.

25,000 ಅಂದರೆ ತಿಂಗಳಿಗೆ ಎರಡು ಸಾವಿರದ ಮೇಲೆ ಚಿಲ್ಲರೆ. ಸೀಮೆಸುಣ್ಣ, ಫಿನಾಯಿಲ್, ಸಣ್ಣಪುಟ್ಟ ದುರಸ್ತಿ ಎಲ್ಲವೂ ಅದರಲ್ಲೇ. ಇಷ್ಟು ಕಡಿಮೆ ದುಡ್ಡನ್ನೂ ಖರ್ಚು ಮಾಡದೆ ಬಿಡುವ ಮುಖ್ಯೋಪಾಧ್ಯಾಯರಿದ್ದಾರೆ. ಅವರು ಸೋಮಾರಿಗಳಲ್ಲ, ಹೆದರಿದವರು. ಕೊಟೇಶನ್ ತಪ್ಪಿದರೆ ತಮ್ಮ ಪಗಾರದಿಂದ ಮುರಿದುಕೊಳ್ಳುತ್ತಾರೆಂಬ ಭಯ. ಈಗ ಹಣ ಸರ್ಕಾರದ ಪಾವತಿ ಜಾಲವಾದ ಪಿಎಫ್‌ಎಂಎಸ್ ಮೂಲಕ ಬರುತ್ತದೆ. ಶೂನ್ಯ ಶಿಲ್ಕಿನ ಖಾತೆ, ಅದಕ್ಕೊಂದು ಖರ್ಚಿನ ಮಿತಿ. ಆರ್ಥಿಕ ವರ್ಷದೊಳಗೆ ಬಳಸದ ಮಿತಿ ಶಾಲೆಗೆ ಉಳಿಯುವುದಿಲ್ಲ. ಅನುದಾನ ತಡವಾಗಿ ಬಂದರೆ ಮಾರ್ಚ್ ಕೊನೆಯ ವಾರದಲ್ಲಿ ಸಿಕ್ಕಿದ್ದನ್ನು ಕೊಳ್ಳುವ ಧಾವಂತ, ಇಲ್ಲವೇ ಕೈಕಟ್ಟಿ ಕೂರುವುದು. ಎರಡರಲ್ಲೂ ನಷ್ಟ ಮಗುವಿನದು. ನಿಯಮ ಚೆನ್ನಾಗಿ ಗೊತ್ತಿದ್ದವರು ಧೈರ್ಯವಾಗಿ ಖರ್ಚು ಮಾಡುತ್ತಾರೆ. ಶಾಲಾಭಿವೃದ್ಧಿ ಯೋಜನೆ ಮೊದಲೇ ಸಿದ್ಧವಿದ್ದರೆ ಮಾರ್ಚಿನಲ್ಲಿ ಏನು ಕೊಳ್ಳುವುದೆಂದು ತಡಕಾಡಬೇಕಿಲ್ಲ.

ಈ ನೆಲಕ್ಕೆ ಲೆಕ್ಕ, ಕಟ್ಟಳೆ ಹೊಸತಲ್ಲ. ಲಕ್ಷ್ಮೇಶ್ವರದ 8ನೆಯ ಶತಮಾನದ ಶಾಸನವೊಂದು ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದರೆ ಅಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಪ್ರಜೆಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯನ್ನು ದಾಖಲಿಸಿದೆ. ಅಧಿಕಾರಿಗಳು ಏನು ಮಾಡಬೇಕು, ಊರವರು ಏನು ಕೊಡಬೇಕು ಎಂಬುದೆಲ್ಲ ಕಲ್ಲಿನ ಮೇಲೆ, ಕನ್ನಡದಲ್ಲಿ! 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದರು. ಪರಸ್ಪರರ ಹಣದ ಮೇಲೆ ನಂಬಿಕೆ ಇಟ್ಟು, ಆ ನಂಬಿಕೆಗೆ ಪುಸ್ತಕ ಬರೆದಿಟ್ಟವರ ಜಿಲ್ಲೆ ನಮ್ಮದು. ಅವರ ಮೊಮ್ಮಕ್ಕಳ ಮಕ್ಕಳು ಕೂರುವ ಶಾಲೆಯ ಲೆಕ್ಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುವುದು ನನಗೆ ನೋವಿನ ಸಂಗತಿ.



ಸಂಘಟಕರಲ್ಲಿ ಒಂದು ವಿನಂತಿ ಇದೆ. ನಗದು ಪುಸ್ತಕದ ಅಭ್ಯಾಸಕ್ಕೆ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯ ತಾಯಂದಿರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಬೇಡಿ. ಒಂದೇ ಮೇಜಿಗೆ ಕೂರಿಸಿ. ಗುರುಗಳು ಬರೆದ ಜಮಾ-ಖರ್ಚನ್ನು ಆ ತಾಯಿ ಗಟ್ಟಿಯಾಗಿ ಓದಲಿ. ಆಕೆಗೆ ತಿಳಿಯದ ಸಾಲು ಬಂದರೆ ಅಲ್ಲೇ ನಿಲ್ಲಿಸಿ, ಆ ಸಾಲನ್ನು ಮತ್ತೆ ಬರೆಯಿಸಿ.