ಪ್ರಜೆ ಎಂದರೆ ಯಾರು?

(ಬೈಲಹೊಂಗಲದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ಪ್ರಜೆ ಎಂಬ ಮಾತು ಕನ್ನಡದಲ್ಲಿ ಎರಡು ಅರ್ಥಕ್ಕೆ ನಡೆಯುತ್ತದೆ. ಅರಸನ ಆಳಿಕೆಗೆ ಒಳಪಟ್ಟವನೂ ಪ್ರಜೆ, ದೇಶದ ಒಡೆತನದಲ್ಲಿ ಪಾಲುಳ್ಳವನೂ ಪ್ರಜೆ. ಇವೆರಡರ ಅಂತರವನ್ನು ನಮ್ಮ ಹಿರಿಯರು ಉಂಡು ಅರಿತವರು. ಬೈಲಹೊಂಗಲ, ಕಿತ್ತೂರು, ಸವದತ್ತಿಯವರು ಇಂಗ್ಲಿಷ್ ದೊರೆಯ ಪ್ರಜೆಗಳು. ನೆರೆಯ ರಾಮದುರ್ಗದವರು ಸಂಸ್ಥಾನಿಕರ ಪ್ರಜೆಗಳು. ಕರ ಕೊಡುವದು ಇಬ್ಬರಿಗೂ ಇತ್ತು, ಆಳುವ ಹಕ್ಕು ಇಬ್ಬರಿಗೂ ಇರಲಿಲ್ಲ. ರಾಮದುರ್ಗದ ಪ್ರಜಾ ಚಳವಳಿ 1939ರ ಏಪ್ರಿಲ್‌ನಲ್ಲಿ ರಕ್ತಪಾತಕ್ಕೆ ಮುಟ್ಟಿತು. 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

1950ರ ಜನವರಿ 26ರಂದು ಸಂವಿಧಾನದ 5ನೆಯ ಕಲಮು ಈ ಭೇದವನ್ನು ಅಳಿಸಿತು. ಈ ದೇಶದಲ್ಲಿ ನೆಲೆನಿಂತವನು ಇಲ್ಲಿ ಹುಟ್ಟಿದ್ದರೆ, ತಾಯಿತಂದೆಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ, ಇಲ್ಲವೆ ಅವನು ಐದು ವರ್ಷ ಇಲ್ಲಿ ವಾಸವಿದ್ದರೆ ನಾಗರಿಕ. ಸಂಸ್ಥಾನಿಕನಿಗೂ ಹಮಾಲನಿಗೂ ಅದೇ ಕಲಮು.

ಮುಂದೆ 1955ರ ಕಾಯದೆ ಐದು ದಾರಿ ಹೇಳಿತು. ಒಂದು, ಹುಟ್ಟು. ಎರಡು, ವಂಶ; ಪರದೇಶದಲ್ಲಿ ಹುಟ್ಟಿದ ನಮ್ಮವರ ಮಕ್ಕಳಿಗೆ ಇದು. ಮೂರು, ನೋಂದಣಿ, ನಾಗರಿಕರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ಬಾಳಿದ ಪರದೇಶಸ್ಥರು ಅರ್ಜಿ ಹಾಕಬಹುದು. ನಾಲ್ಕು, ದೇಶೀಕರಣ, ಇದಕ್ಕೆ ಸಾಮಾನ್ಯವಾಗಿ ಹನ್ನೆರಡು ವರ್ಷದ ವಾಸ ಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಬರಬೇಕು. ಆ ಭಾಷೆ ನಮ್ಮ ಕನ್ನಡವೂ ಆದೀತು! ಐದು, ನೆಲದ ಸೇರ್ಪಡೆ. 1961ರಲ್ಲಿ ಗೋವೆ ಬಿಡುಗಡೆಯಾಯಿತು. 1962ರ ಆಜ್ಞೆಯಿಂದ ಅಲ್ಲಿ ಹುಟ್ಟಿದವರು ಭಾರತದ ನಾಗರಿಕರಾದರು.

ನಮ್ಮಲ್ಲಿ ಬಹುತೇಕರದು ಹುಟ್ಟಿನ ದಾರಿ. ಅದೂ ಈಗ ಮೊದಲಿನಷ್ಟು ಅಗಲವಾಗಿಲ್ಲ. 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದ್ದರೆ ಸಾಕಿತ್ತು. ಅಲ್ಲಿಂದ ತಾಯಿ ಇಲ್ಲವೆ ತಂದೆ ನಾಗರಿಕರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಒಬ್ಬರು ನಾಗರಿಕರಾಗಿದ್ದರೂ ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಅಂದರೆ ಮಗುವಿನ ಹಕ್ಕಿಗೆ ತಾಯಿತಂದೆಗಳ ಕಾಗದವೂ ಬೇಕಾಗುವ ಕಾಲ ಬಂತು.

ಶ್ರೀಮಂತನ ಕಾಗದ ತಿಜೋರಿಯಲ್ಲಿರುತ್ತದೆ. ದುಡಿಯುವವನದು ಮಳೆಗೆ ತೊಯ್ಯುತ್ತದೆ, ಗುಳೆ ಹೋದಲ್ಲಿ ಕಳೆಯುತ್ತದೆ. ಆಧಾರ್ ಚೀಟಿ ಇದೆಯಲ್ಲ ಎಂದು ನಂಬಿ ಕೂಡಬೇಡಿರಿ. ಅದು ನಾಗರಿಕತ್ವದ ಪುರಾವೆಯಲ್ಲವೆಂದು ಅದರ ಕಾಯದೆಯೇ ಹೇಳುತ್ತದೆ. ಕೂಸು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿರಿ. ಗೋವೆಗೆ ಕೂಲಿಗೆ ಹೋದಾಗ ಹೆರಿಗೆಯಾದರೆ ಅಲ್ಲಿಯೇ ಬರೆಸಿರಿ, ಊರಿಗೆ ಬಂದ ಮೇಲೆ ನೋಡೋಣ ಎನ್ನಬೇಡಿರಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಅಲೆಯಬೇಕಾಗುತ್ತದೆ, ಅಲೆದ ದಿನದ ಕೂಲಿ ಯಾರೂ ಕೊಡುವದಿಲ್ಲ.

ಓದು ಬಲ್ಲವರು ಓಣಿಗೊಬ್ಬರು ನಿಂತು ನೆರೆಯವರ ಅರ್ಜಿ ಬರೆದುಕೊಡಬೇಕು. ನಾಗರಿಕತ್ವ ಯಾರೂ ನೀಡುವ ಭಿಕ್ಷೆಯಲ್ಲ, ಹಿರಿಯರು ಗಳಿಸಿದ ಆಸ್ತಿ. ಆಸ್ತಿಯ ಉತಾರೆಯನ್ನು ಕಾಯುವಂತೆ ಇದನ್ನೂ ಕಾಯೋಣ.